ಕೇರಾಫ್ ಶಿರಸ್ತೇದಾರರು

ಅವರು ಪುಟ ತಿರುಗಿಸುತ್ತಿದ್ದ ರೀತಿಯನ್ನು ಮೊದಲು ಹೇಳಿಬಿಡುತ್ತೇನೆ. ಬಲಗೈಯ ತೋರುಬೆರಳನ್ನು ಕೆಳತುಟಿಯ ಒಳಕ್ಕಿಟ್ಟು, ನಾಲಿಗೆಗೆ ಒತ್ತಿ, ಏನೋ ಯೋಚಿಸುವವರಂತೆ ಒಂದು ಗಳಿಗೆ ಹಾಗೇ ಇರಿಸಿಕೊಂಡು, ಆಮೇಲೆ ಪುಟದ ಮೂಲೆಗೆ ತರುತ್ತಿದ್ದರು. ಅರ್ಜಿಯಾದರೂ ಅಷ್ಟೇ, ಪಾಸ್‌ಪೋರ್ಟಾದರೂ ಅಷ್ಟೇ, ಮಕ್ಕಳ ಫೋಟೋ ಅಂಟಿಸಿದ ಹಾಳೆಯಾದರೂ ಅಷ್ಟೇ. ನಾನು ಎದುರು ಕುರ್ಚಿಯಲ್ಲಿ ಕೂತು ಆ ಒದ್ದೆ ಗುರುತು ಆರುವುದನ್ನು ನೋಡುತ್ತಿದ್ದೆ. ಬೇಸಿಗೆಯಲ್ಲಿ ಬೇಗ ಆರುತ್ತಿತ್ತು. ಮಳೆಗಾಲದಲ್ಲಿ ಮೂಲೆ ಮೆತ್ತಗಾಗಿ ಸುರುಟಿಕೊಳ್ಳುತ್ತಿತ್ತು. ತಡೆಯಲಾರದೆ ಒಂದು ದಿನ, ಅಂಚೆ ಕಚೇರಿಯಲ್ಲಿ ಇಟ್ಟಿರುತ್ತಾರಲ್ಲ ಅಂಥ ಸ್ಪಂಜಿನ ಡಬ್ಬಿಯೊಂದನ್ನು ತಂದು ನೀರು ಹಾಕಿ ಅವರ ಮೇಜಿನ ಮೇಲಿಟ್ಟೆ. "ನೋಡಿ, ಕಾನ್ವೆಂಟ್ ಬುದ್ಧಿ ಅಂದ್ರೆ ಇದು" ಎಂದು ಮೆಚ್ಚಿಕೊಂಡರು. ಮರುವಾರ ಹೋದಾಗ ಸ್ಪಂಜು ಒಣಗಿತ್ತು. ಅದಕ್ಕೆ ಸಾಲಾಗಿ ಗುಂಡುಪಿನ್ನು ಚುಚ್ಚಿಟ್ಟಿದ್ದರು. ಬೆರಳು ಬಾಯಲ್ಲೇ ಇತ್ತು.

ಅವರು ತೀರಿಕೊಂಡು ಒಂದು ತಿಂಗಳಾಯಿತು. ಹನ್ನೊಂದನೆಯ ದಿನದ ಊಟದಲ್ಲಿ ಪಕ್ಕದ ಎಲೆಯವರು, ಎದುರು ಎಲೆಯವರು, ಬಡಿಸುತ್ತಿದ್ದವರು ಎಲ್ಲರೂ ಒಂದೇ ಮಾತು ಹೇಳಿದರು: ಒಂದು ರೂಪಾಯಿ ಮುಟ್ಟದ ಮನುಷ್ಯ. ಹೊರದೇಶದ ಪಾಸ್‌ಪೋರ್ಟು ಹಿಡಿದುಕೊಂಡು ಈ ಕಡೆ ಬಂದು ಸೇರಿದ ಎಷ್ಟು ಸಂಸಾರಗಳಿಗೆ ಇಲ್ಲಿ ಉಳಿಯುವ ಪರವಾನಗಿ ಮಾಡಿಸಿಕೊಟ್ಟರು, ಪೌರತ್ವ ಕೊಡಿಸಿದರು, ಎಂಥ ಜೀವ. ಮಾತು ಸುಳ್ಳಲ್ಲ. ಅವರು ಹಣ ಮುಟ್ಟಲಿಲ್ಲ. ನಾಲ್ಕು ವರ್ಷ ಅವರ ಮೇಜಿನ ಈಚೆ ಕೂತು ಬರೆದವಳು ನಾನು, ನಾನೇ ಸಾಕ್ಷಿ. ಎಲೆಯ ಮೇಲಿದ್ದ ಒಬ್ಬಟ್ಟನ್ನು ಮುರಿದೆ. ಬಾಯಿಗಿಡುವಾಗ ಆ ಬೆರಳು ನೆನಪಾಗಿ ಕೈ ತಡೆಯಿತು. ನೀರು ಕುಡಿದು ಎದ್ದೆ.

ಕೈ ತೊಳೆಯುವಲ್ಲಿ ಅವರ ನಿವೃತ್ತ ನೌಕರರ ಬಳಗದ ಕಾರ್ಯದರ್ಶಿ ಸಿಕ್ಕಿದರು. ನೆನಪಿನ ಪುಸ್ತಿಕೆ ತರುತ್ತಾರಂತೆ. "ನೀವು ಹತ್ತಿರದಿಂದ ಕಂಡೋರು ಮೇಡಂ. ಎರಡು ಒಳ್ಳೆ ಮಾತು ಬರ್ಕೊಡಿ. ಒಂದು ಪುಟ ಸಾಕು" ಎಂದರು. ಆಗಲಿ ಎಂದು ಬಂದೆ. ಬೇಡ ಎನ್ನುವುದು ನನಗೆ ಇಂದಿಗೂ ಬರುವುದಿಲ್ಲ. ಆ ಒಂದು ಪುಟಕ್ಕೆ ಮೂರು ಸಲ ಕೂತೆ, ಆಗಲಿಲ್ಲ. ಆದದ್ದು ಇದು.

ಬೇರೆ ಜಿಲ್ಲೆಯೊಂದರಲ್ಲಿ ಶಿರಸ್ತೇದಾರರಾಗಿದ್ದು, ನಿವೃತ್ತರಾದ ಮೇಲೆ ರಾಮನಗರದ ನಮ್ಮ ಬೀದಿಯ ತಿರುವಿನಲ್ಲಿ ಮನೆ ಕಟ್ಟಿಸಿಕೊಂಡು ಬಂದವರು ಅವರು. ಬೀದಿಗೆಲ್ಲ ಶಿರಸ್ತೇದಾರರು. ಹೆಸರು ಯಾರಿಗೂ ಬೇಕಾಗಲಿಲ್ಲ, ಇಲ್ಲಿಯೂ ಬೇಡ. ಬಿಳಿ ಅರ್ಧತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಒಂದು ಕೆಂಪು ಒಂದು ನೀಲಿ. ಸರ್ಕಾರಿ ಕಾಗದದ ಭಾಷೆ ಅವರಿಗೆ ನೀರು ಕುಡಿದಷ್ಟು ಸುಲಭ. ಆ ವಿದ್ಯೆಯನ್ನು ನಾನು ಇಂದಿಗೂ ಅಲ್ಲಗಳೆಯಲಾರೆ.

ನನ್ನನ್ನು ಅಲ್ಲಿಗೆ ಕರೆದೊಯ್ದದ್ದು ನನ್ನ ಅಕ್ಷರ. ನಾನು ಓದಿದ ಶಾಲೆಯಲ್ಲಿ ಸಿಸ್ಟರ್ ಒಬ್ಬರು ನಾಲ್ಕು ಗೆರೆಯ ಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರ ತಿದ್ದಿಸಿದ್ದರು. ಬಾಲ ಕೆಳಗಿನ ಗೆರೆ ದಾಟಿದರೆ ಬೆರಳ ಗಂಟಿನ ಮೇಲೆ ಸ್ಕೇಲು ಬೀಳುತ್ತಿತ್ತು. ನಮ್ಮ ಮಗಳ ಮದುವೆಯ ಕವರಿನ ಮೇಲೆ ಆ ಅಕ್ಷರ ನೋಡಿ ಶಿರಸ್ತೇದಾರರು ಮನೆಗೇ ಬಂದರು. "ಅಮ್ಮಾ, ಇಂಥ ಕೈ ಅಡುಗೆಮನೆಯಲ್ಲಿ ಕೊಳೀಬಾರದು. ಪಾಪದ ಜನ ಬರ್ತಾರೆ, ನಾಲ್ಕು ಅಕ್ಷರ ಬರ್ಕೊಡಿ" ಎಂದರು. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ನನ್ನ ಅಕ್ಷರವನ್ನು ಯಾರೂ ಹೊಗಳಿರಲಿಲ್ಲ. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಹೋಗ್ಬಾ, ಟೈಂಪಾಸ್ ಆಗುತ್ತೆ" ಎಂದರು. ಮಂಗಳವಾರ, ಶುಕ್ರವಾರ, ಸಾರು ಇಳಿಸಿ ಅನ್ನಕ್ಕಿಟ್ಟು ಹನ್ನೊಂದಕ್ಕೆ ಹೋಗುವುದು ಶುರುವಾಯಿತು.

ಈಗಿನ ಅರ್ಜಿಗಳನ್ನೆಲ್ಲ ಕಂಪ್ಯೂಟರಿನಲ್ಲೇ ತುಂಬಬೇಕು. ಆದರೆ ಮೊದಲು ಕಾಗದದ ಮೇಲೆ ಶುದ್ಧಪ್ರತಿ ಆಗಬೇಕು ಎನ್ನುವುದು ಅವರ ಪದ್ಧತಿ. ನಾನು ಬರೆದುಕೊಟ್ಟದ್ದನ್ನು ಬಸ್‌ ಸ್ಟ್ಯಾಂಡ್ ಹತ್ತಿರದ ಸೈಬರ್ ಅಂಗಡಿಯವರು ಏರಿಸುತ್ತಿದ್ದರು. ಇನ್ನೂ ಎರಡು ಪದ್ಧತಿಗಳಿದ್ದವು. ಮೊದಲನೆಯದು, ಮೂಲ ದಾಖಲೆಗಳೆಲ್ಲ ಅವರ ಕಬ್ಬಿಣದ ಬೀರುವಿನಲ್ಲೇ ಇರಬೇಕು. ಬೀರುವಿನ ಕೀಲಿ ಅವರ ಉಡಿದಾರದಲ್ಲಿತ್ತು. ಹೆಂಗಸರು ಎದುರಿಗೆ ಕೂತಿದ್ದರೂ ಸರಿಯೇ, ಅಂಗಿ ಎತ್ತಿ, ಬನಿಯನ್ ಸರಿಸಿ, ಹೊಟ್ಟೆಯ ಮಡಿಕೆಯಲ್ಲಿ ಬೆರಳಾಡಿಸಿ ಅದನ್ನು ಹುಡುಕುತ್ತಿದ್ದರು. ಆಗೆಲ್ಲ ನಾನು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದೆ. ಎರಡನೆಯದು, ಪ್ರತಿ ಅರ್ಜಿಯಲ್ಲೂ ಪತ್ರ ಬರಬೇಕಾದ ವಿಳಾಸದ ಜಾಗದಲ್ಲಿ ಕೇರಾಫ್ ಎಂದು ಬರೆದು ಅವರ ಹೆಸರು, ಅವರ ಮನೆ ನಂಬರು, ಅವರ ಮೊಬೈಲು. "ನಿಮ್ಮ ಗಲ್ಲಿಗಳಿಗೆ ಅಂಚೆಯವನು ನೆಟ್ಟಗೆ ಬರ್ತಾನೋ ಇಲ್ವೋ. ನನ್ನ ವಿಳಾಸ ಇರ್ಲಿ, ಆಫೀಸಿನವರಿಗೂ ಒಂದು ನಂಬಿಕೆ" ಎನ್ನುತ್ತಿದ್ದರು. ಹೀಗಾಗಿ ಓಟಿಪಿ ಬಂದರೂ ಅವರಿಗೇ, ಪತ್ರ ಬಂದರೂ ಅವರಿಗೇ.

ಬಂದ ಪತ್ರವನ್ನು ಅವರು ಒಡೆಯುತ್ತಿರಲಿಲ್ಲ. ಬೇರೆಯವರ ಪತ್ರ ಒಡೆಯುವುದು ಪಾಪ ಎಂದು ಎದೆ ಮುಟ್ಟಿಕೊಂಡು ಹೇಳುತ್ತಿದ್ದರು. ನನಗೂ ಸಿಸ್ಟರ್ ಅದನ್ನೇ ಕಲಿಸಿದ್ದರಿಂದ ಈ ಗುಣ ಬಹಳ ದೊಡ್ಡದಾಗಿ ಕಂಡಿತ್ತು. ಪತ್ರವನ್ನು ಬೀರುವಿನ ಮೇಲಿನ ಅಂಕಣದಲ್ಲಿಟ್ಟು, ಆ ಸಂಸಾರದವರು ಬಂದಾಗ, ಚನ್ನಪಟ್ಟಣದ ಅರಗಿನ ಹಿಡಿಯ ಪುಟ್ಟ ಚಾಕುವಿನಿಂದ ಅವರೆದುರಿಗೇ ಸೀಳುತ್ತಿದ್ದರು. ಕೆಂಪು ಹಳದಿ ಪಟ್ಟೆಯ ಹಿಡಿ, ಮಕ್ಕಳ ಆಟದ ಸಾಮಾನಿನ ಹಾಗೆ. ಸೀಳುವ ಮೊದಲು ಒಮ್ಮೆ ಎದುರಿಗಿದ್ದವರ ಮುಖ ನೋಡುತ್ತಿದ್ದರು. ಆದರೆ ಪತ್ರ ಬಂದಿದೆ ಎಂದು ಹೇಳಿ ಕಳಿಸುತ್ತಿರಲಿಲ್ಲ. ಸರ್ಕಾರಿ ವಿಷಯ ಫೋನಿನಲ್ಲಿ ಆಡಬಾರದಂತೆ. "ಬೇಕಾದವರು ಬರ್ತಾರೆ" ಎನ್ನುವುದು ಅವರ ಮಾತು. ಅದನ್ನು ಅವರು ವಿನಯದಿಂದ ಹೇಳುತ್ತಿದ್ದರು, ಬಾಗಿಲಲ್ಲಿ ನಿಂತ ದೇವರು ಭಕ್ತರ ಬಗ್ಗೆ ಹೇಳಿದರೆ ಹೇಗಿರುತ್ತದೋ ಹಾಗೆ.

ಬಂದವರಲ್ಲಿ ಹೆಚ್ಚು ಸಲ ಬಂದವಳು ಮುಮ್ತಾಜ್. ಅವಳು ಈ ಊರಿನವಳೇ. ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಮನೆಯ ಮಗಳು. ಹತ್ತೊಂಬತ್ತಕ್ಕೆ ಕರಾಚಿಯಲ್ಲಿದ್ದ ಸೋದರತ್ತೆಯ ಮಗನಿಗೆ ಕೊಟ್ಟರು. ಅಲ್ಲಿನ ಪ್ರಜೆಯಾದಳು, ಎರಡು ಹೆಣ್ಣುಮಕ್ಕಳಾದವು, ಗಂಡ ತೀರಿಕೊಂಡ. ಮಕ್ಕಳನ್ನು ಕಟ್ಟಿಕೊಂಡು ಅಣ್ಣನ ಮನೆಗೆ ಬಂದಳು. ದೊಡ್ಡವಳು ಸಬಾಗೆ ಆಗ ಏಳು ವರ್ಷ, ಚಿಕ್ಕವಳು ಹಿಬಾ ಎದೆಹಾಲಿನ ಕೂಸು. ಹುಟ್ಟಿದ ಊರಿನಲ್ಲಿ ವರ್ಷ ವರ್ಷ ಪರವಾನಗಿ ಬರೆಸಿಕೊಂಡು ಇರಬೇಕಾಯಿತು. ಊರಿನ ಗಡಿ ದಾಟಬೇಕಾದರೆ ಅನುಮತಿ ಬೇಕು. ಮನೆ ಹಿಂದೆಯೇ ಬೆಂಗಳೂರಿನ ರೈಲು ಓಡುತ್ತದೆ. ಒಂದು ಗಂಟೆಯ ದಾರಿ.

ಇಷ್ಟು ವರ್ಷ ಆಚೆ ಇದ್ದು ಬಂದರೂ ಅವಳ ಕನ್ನಡ ರಾಮನಗರ ಬಿಟ್ಟು ಕದಲಿರಲಿಲ್ಲ. "ಅಲ್ಲಿ ಕನ್ನಡ ಆಡಕೆ ಯಾರಿದ್ರು ಅಕ್ಕ, ಬೆಕ್ಕಿಗೆ ಬಯ್ಯೋವಾಗ ಮಾತ್ರ ಆಡ್ತಿದ್ದೆ. ಆ ಬೆಕ್ಕಿಗ್ ಎಲ್ಲಾ ಅರ್ಥ ಆಯ್ತಿತ್ತು" ಎಂದು ನಗುತ್ತಿದ್ದಳು. ಶಿರಸ್ತೇದಾರರಿಗೆ ಇದು ಒಂದು ಪ್ರದರ್ಶನದ ವಸ್ತುವಾಯಿತು. ಅವರ ಮನೆಗೆ ಯಾರಾದರೂ ನೆಂಟರೋ ಹಳೆಯ ಸಹೋದ್ಯೋಗಿಯೋ ಬಂದಿದ್ದರೆ, ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದ ಮುಮ್ತಾಜಳನ್ನು ಒಳಗೆ ಕರೆಯುತ್ತಿದ್ದರು. "ಪಾಕಿಸ್ತಾನದವಳು. ಕನ್ನಡ ಹೆಂಗೆ ಮಾತಾಡ್ತಾಳೆ ನೋಡಿ. ಏ ಮುಮ್ತಾಜ್, ಅದೇ ಮೂರನೇ ಕ್ಲಾಸಿನ ಪದ್ಯ ಹೇಳಮ್ಮ." ನಲವತ್ತು ದಾಟಿದ ಹೆಂಗಸು ಸೆರಗು ಸರಿಮಾಡಿಕೊಂಡು, ಶಾಲೆಯ ಮಗುವಿನ ಹಾಗೆ ಕೈ ಕೆಳಗೆ ಬಿಟ್ಟು ಪದ್ಯ ಹೇಳುತ್ತಿದ್ದಳು. ನೆಂಟರು ಚಪ್ಪಾಳೆ ತಟ್ಟುತ್ತಿದ್ದರು. ಸಬಾ ಮೆಟ್ಟಿಲ ಮೇಲೆಯೇ ಕೂತು ತನ್ನ ಚಪ್ಪಲಿಯ ಪಟ್ಟಿಯನ್ನು ಬಿಚ್ಚಿ ಹಾಕಿ ಬಿಚ್ಚಿ ಹಾಕಿ ಮಾಡುತ್ತಿದ್ದಳು. ನಾನು? ನಾನೂ ಚಪ್ಪಾಳೆ ತಟ್ಟಿದ್ದೇನೆ, ಮೊದಲ ಸಲ.

ಬಿಸಿನೀರಿನಲ್ಲಿ ಗೂಡು ತಿರುವಿ ತಿರುವಿ ಅವಳ ಬೆರಳತುದಿ ಬೆಳ್ಳಗೆ ನೆನೆದು ನುಣ್ಣಗಾಗಿತ್ತು. ಬೆರಳಚ್ಚು ತೆಗೆಯುವ ಯಂತ್ರ ಅವಳನ್ನು ಒಪ್ಪುತ್ತಿರಲಿಲ್ಲ. ಹತ್ತು ಸಲ ಒತ್ತಬೇಕಾಗುತ್ತಿತ್ತು. "ದೇವರೇ ಗುರುತು ಅಳಿಸಿ ಕಳಿಸಿದ್ದಾನೆ, ನಾನೇನ್ ಮಾಡ್ಲಿ" ಎಂದು ಶಿರಸ್ತೇದಾರರು ಇದನ್ನೂ ನೆಂಟರಿಗೆ ಹೇಳಿ ನಗಿಸುತ್ತಿದ್ದರು. ಅವಳು ಕೂತೆದ್ದ ಮೇಲೆ ಮೂಗಿಗೆ ಕರವಸ್ತ್ರ. "ಹುಳದ ವಾಸನೆ ಅಮ್ಮಾ, ತಡೆಯಕ್ಕಾಗಲ್ಲ." ಬೆಂದ ರೇಷ್ಮೆ ಹುಳದ ವಾಸನೆ ನನಗೂ ಹಿಡಿಸುವುದಿಲ್ಲ. ಆದರೆ ಆ ವಾಸನೆಯ ನೂಲು ಅವರಿಗೆ ಬೇಡವಾಗಿರಲಿಲ್ಲ. "ಮುಂದಿನ ಸಲ ಬರೋವಾಗ ಒಸಿ ನೂಲು ತಂದಿರಮ್ಮ, ಸೊಸೆ ಸೀರೆಗೆ ಕುಚ್ಚು ಕಟ್ತಾಳೆ." ಸಬಾ ಬಂದರೆ ಅವಳ ಮುಂದೆ ಒಂದು ಮೊರ ಬೆಳ್ಳುಳ್ಳಿ. "ಸುಮ್ನೆ ಕೂತಿರ್ತೀಯಲ್ಲ, ಬಿಡಿಸ್ತಿರು." ಅವರು ಹಣ ಮುಟ್ಟಲಿಲ್ಲ ಎನ್ನುವವರ ಮಾತು ಸುಳ್ಳಲ್ಲ ಎಂದೆನಲ್ಲ. ಬೆಳ್ಳುಳ್ಳಿ ಬಿಡಿಸಿದ ಆ ಹುಡುಗಿಗೆ ಒಳಗಿಂದ ಒಂದು ಲೋಟ ಕಾಫಿ ಬಂದದ್ದನ್ನು ನಾನು ನೋಡಲಿಲ್ಲ. ನನಗೆ ಮಾತ್ರ ಹಬೆಯಾಡುವ ಲೋಟ, ಕೆಳಗೊಂದು ತಟ್ಟೆ.

ಒಬ್ಬರು ಮಾತ್ರ ಆ ಮೇಜಿನ ಮುಂದೆ ಬಗ್ಗಲಿಲ್ಲ. ಕುದೂರಿನ ಕಡೆಯ ಗೌಡರ ಮನೆಯ ಹೆಂಗಸು. ಮಗ ದುಬೈ ಹೋಟೆಲಿನಲ್ಲಿದ್ದಾಗ ಫಿಲಿಪೀನ್ಸಿನ ಹುಡುಗಿಯನ್ನು ಮದುವೆಯಾಗಿ ಕರೆತಂದಿದ್ದ. ಸೊಸೆಯ ಪರವಾನಗಿಗೆ ಅತ್ತೆಯೇ ಬಂದಿದ್ದರು. ಸೊಸೆಯ ಸೊಂಟದಲ್ಲಿ ಮಗು, ಅತ್ತೆಯ ಬಾಯಲ್ಲಿ ಎಲೆಯಡಿಕೆ. ಶಿರಸ್ತೇದಾರರು ಪಾಸ್‌ಪೋರ್ಟ್ ತೆರೆದು ಬೆರಳನ್ನು ಬಾಯಿಗಿಟ್ಟರು.

"ಸಾರ್, ಒಸಿ ನೀರ್ ಮುಟ್ಟಿ ತಿರುವಿ" ಎಂದರು ಆಕೆ. "ಅದ್ನ ನನ್ ಮೊಮ್ಮಗ ಬಾಯಿಗಿಟ್ಕತಾನೆ."

ನಾನು ತಲೆ ತಗ್ಗಿಸಿ ನಗು ಕಚ್ಚಿಕೊಂಡೆ. ಶಿರಸ್ತೇದಾರರು ಬೆರಳು ತೆಗೆದು, ಅಂಗಿಗೆ ಒರೆಸಿ, ಮೂಲ ಪ್ರತಿಗಳು ಇಲ್ಲೇ ಇರಬೇಕು ಎಂದರು.

"ಇಲ್ಲೇ ಬುಟ್ಟೋಗಕೆ ಇದೇನ್ ರಾಗಿ ಮೂಟೆನಾ ಸಾರ್? ಮನೇಲಿ ಟ್ರಂಕೈತೆ. ನಿಮಗ್ ಬೇಕಾದಾಗ ತತ್ತೀನಿ, ನೋಡ್ಬುಟ್ಟು ಕೊಡಿ."

"ಕಳೆದುಹೋದ್ರೆ ನಾನು ಜವಾಬ್ದಾರನಲ್ಲ."

"ನೀವ್ಯಾಕ್ ಜವಾಬ್ದಾರ್ರಾಗ್ತೀರಿ, ಸೊಸೆ ನನ್ನೋಳು. ಏಳ್ ಕೂಸೆ."

ಸೊಸೆ ಎದ್ದಳು. ಹೊಸಿಲು ದಾಟುವಾಗ ನನ್ನ ಕಡೆ ತಿರುಗಿ, "ಓಗ್ಬತ್ತೀನಿ ಅಕ್ಕ" ಎಂದಳು, ಅತ್ತೆಯ ಬಾಯಿಂದ ಕಲಿತ ಅದೇ ಧಾಟಿಯಲ್ಲಿ. ಶಿರಸ್ತೇದಾರರು ಅವರ ಹಿಂದೆ, "ಜಮೀನಿರೋ ಜನ, ಜೋರು" ಎಂದರು. ಆ ಸೊಸೆಯ ಕಾಗದ ಅವರ ಸಹಾಯವಿಲ್ಲದೆಯೇ ಆಯಿತು ಎಂದು ಆಮೇಲೆ ತಿಳಿಯಿತು. ಮುಮ್ತಾಜ್ ಅಂದು ಮೆಟ್ಟಿಲ ಮೇಲಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. "ನಂಗೂ ಹಂಗ್ ಮಾತಾಡಕ್ ಬತ್ತದೆ ಅಕ್ಕ" ಎಂದಳು ಮೆಲ್ಲಗೆ. ಅಷ್ಟೇ. ಅವಳು ಹಾಗೆ ಮಾತಾಡಿದರೆ ಏನಾಗುತ್ತದೆ ಎಂದು ನಾವಿಬ್ಬರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕೊನೆಗೂ ಮುಮ್ತಾಜಳಿಗೆ ಪೌರತ್ವ ಬಂತು. ಪ್ರಮಾಣಪತ್ರ ಹಿಡಿದು ಬಂದ ದಿನ ಅವಳು ಶಿರಸ್ತೇದಾರರ ಕಾಲು ಮುಟ್ಟಲು ಹೋದಳು. ಅವರು ಒಂದು ಹೆಜ್ಜೆ ಹಿಂದೆ ಸರಿದು, ಆದರೆ ಬೇಡ ಎನ್ನದೆ ನಿಂತರು. ಇನ್ನು ಮಕ್ಕಳದ್ದು. ತಾಯಿ ಭಾರತೀಯಳಾದ ಮೇಲೆ ಹದಿನೆಂಟು ತುಂಬದ ಮಕ್ಕಳಿಗೆ ದಾರಿ ಸುಲಭ. ತುಂಬಿಬಿಟ್ಟರೆ ಅವರು ಬೇರೆಯಾಗಿ, ಮೊದಲಿನಿಂದ, ದೊಡ್ಡವರ ಸಾಲಿನಲ್ಲಿ ನಿಲ್ಲಬೇಕು. ಸಬಾಗೆ ಹದಿನೇಳು ತುಂಬಿತ್ತು. ದಸರೆಯ ಹೊತ್ತಿಗೆ ಹದಿನೆಂಟು. ಅವಳಿಗೆ ಬೆಂಗಳೂರಿನಲ್ಲಿ ನರ್ಸಿಂಗ್ ಓದುವ ಆಸೆ. ಇಬ್ಬರ ಅರ್ಜಿಯನ್ನೂ ನಾನೇ ಬರೆದೆ. ಬಾಲ ಗೆರೆ ದಾಟದ ಹಾಗೆ, ಕೇರಾಫ್ ಎಂದು, ಶಿರಸ್ತೇದಾರರ ವಿಳಾಸ.

ಆಮೇಲೆ ಮುಮ್ತಾಜ್ ಬರುವುದು ಕಡಿಮೆಯಾಯಿತು. ಅತ್ತಿಗೆಗೆ ಆಪರೇಷನ್ ಆಗಿತ್ತು, ಗೂಡಿನ ಕೆಲಸವೆಲ್ಲ ಅವಳ ತಲೆಯ ಮೇಲೆ. ಎರಡು ವಾರವಾಯಿತು, ಮೂರಾಯಿತು. ಮೆಟ್ಟಿಲು ಖಾಲಿ. ಶಿರಸ್ತೇದಾರರು ಕಿಟಕಿಯ ಕಡೆ ನೋಡುತ್ತಿದ್ದರು. "ಅವಳ ಕೆಲಸ ಆಯ್ತು ನೋಡಿ. ಇನ್ನು ನಾವ್ಯಾರು."

ಗಣೇಶನ ಹಬ್ಬದ ಮರುದಿನ ನಾನು ಕಡುಬು ಡಬ್ಬಿಗೆ ಹಾಕಿಕೊಂಡು ಹೋಗಿದ್ದೆ. ನಾನು ಕೂತಿದ್ದಾಗಲೇ ಅಂಚೆಯವನು ಬಂದ. ಕಂದು ಬಣ್ಣದ ಉದ್ದ ಕವರು, ಮೇಲೆ ಕಚೇರಿಯ ಮೊಹರು, ನಡುವೆ ಸಬಾಳ ಹೆಸರು. ಶಿರಸ್ತೇದಾರರು ಅದನ್ನು ಹಿಡಿದು ಬೆಳಕಿಗೆ ಎತ್ತಿ ನೋಡಿದರು. ಅಂಗಿ ಎತ್ತಿ ಕೀಲಿ ತೆಗೆದು, ಬೀರುವಿನ ಮೇಲಿನ ಅಂಕಣದಲ್ಲಿಟ್ಟರು.

"ಹೇಳಿ ಕಳಿಸ್ಲಾ ಸಾರ್?" ಎಂದು ಕೇಳಿದೆ.

"ಬೇಕಾದವರು ಬರ್ತಾರೆ, ಬಿಡಮ್ಮ. ಕಡುಬಿಗೆ ತೆಂಗಿನಕಾಯಿ ಹಾಕಿದ್ದೀರೋ ಕೊಬ್ಬರಿಯೋ?"

ನಾನು ತೆಂಗಿನಕಾಯಿ ಎಂದೆ.

ಆ ಕವರು ಅಲ್ಲೇ ಇತ್ತು. ಮಂಗಳವಾರ ಬೀರು ತೆರೆದಾಗ ಕಾಣುತ್ತಿತ್ತು, ಶುಕ್ರವಾರ ಕಾಣುತ್ತಿತ್ತು. ಅದರ ಮೂಲೆಯ ಮೇಲೆ ಒಂದು ಸಣ್ಣ ಜಿರಳೆ ಓಡಾಡಿದ್ದನ್ನೂ ನೋಡಿದೆ. ಒಳಗೇನಿದೆ ಎಂದು ನನಗೆ ಗೊತ್ತಿರಲಿಲ್ಲ, ಬೇರೆಯವರ ಪತ್ರ, ಹಿರಿಯರ ಮನೆಯ ಮಾತು ಹೊರಗೆ ಆಡಬಾರದು, ಹೀಗೆ ನನಗೆ ನಾನೇ ಹೇಳಿಕೊಂಡದ್ದು ಬಹಳ. ಒಂದು ಬೆಳಿಗ್ಗೆ ಸೊಪ್ಪಿನ ಗಾಡಿಯ ಹತ್ತಿರ ಮುಮ್ತಾಜ್ ಸಿಕ್ಕಳು. ಕಣ್ಣ ಕೆಳಗೆ ಕಪ್ಪಾಗಿತ್ತು. ಒಂದು ಕಟ್ಟು ದಂಟು ಹಿಡಿದು ಎಳೆಯದೋ ಬಲಿತದ್ದೋ ಎಂದು ಉಗುರಿನಲ್ಲಿ ಚಿವುಟುತ್ತಿದ್ದಳು.

"ಸಾರ್ ಮನೆ ಕಡೀಕ್ ಹೋಗಕೇ ಆಗ್ಲಿಲ್ಲ ಅಕ್ಕ. ಕಾಗದ ಬಂದಿದ್ರೆ ಅವ್ರೇ ಹೇಳ್ಕಳಿಸ್ತಾರೆ ಅಲ್ವಾ?"

"ಹೌದು, ಹೇಳ್ತಾರೆ" ಎಂದೆ.

ಅಷ್ಟು ಹೇಳಿ ಕೊತ್ತಂಬರಿಯನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ಬಂದೆ. ನನ್ನ ಬಾಯಿಂದ ಬಂದ ಮಾತುಗಳಲ್ಲಿ ಇದಕ್ಕಿಂತ ಅಸಹ್ಯವಾದ ಮಾತು ಇನ್ನೊಂದಿಲ್ಲ.

ದೀಪಾವಳಿಗೆ ಇನ್ನೆರಡು ದಿನವಿರುವಾಗ ಮುಮ್ತಾಜ್ ಸಬಾಳನ್ನು ಕರೆದುಕೊಂಡು ಬಂದಳು. ಕೈಯಲ್ಲಿ ನೂಲಿನ ಪೊಟ್ಟಣವಿತ್ತು. ಶಿರಸ್ತೇದಾರರು ಅದನ್ನು ಮೂಸಿ ನೋಡಿ ಪಕ್ಕಕ್ಕಿಟ್ಟು, ಬೀರು ತೆರೆದರು. ಅರಗಿನ ಹಿಡಿಯ ಚಾಕು ತೆಗೆದು, ಸಬಾಳ ಮುಖ ಒಮ್ಮೆ ನೋಡಿ, ಕವರು ಸೀಳಿದರು. ಓದಿದರು. ಹಿರಿಯ ಮಗಳ ಜನನ ದಾಖಲೆಯ ಮೂಲ ಪ್ರತಿಯನ್ನು ಮೂವತ್ತು ದಿನಗಳೊಳಗೆ ಹಾಜರುಪಡಿಸತಕ್ಕದ್ದು, ತಪ್ಪಿದಲ್ಲಿ ಅರ್ಜಿ ಮುಕ್ತಾಯ. ಕವರು ಬಂದು ಏಳು ವಾರ ದಾಟಿತ್ತು. ಸಬಾಗೆ ಹದಿನೆಂಟು ತುಂಬಿ ಹನ್ನೆರಡು ದಿನ. ಆ ಜನನ ದಾಖಲೆ ಅದೇ ಬೀರುವಿನಲ್ಲಿ, ಕವರಿದ್ದ ಅಂಕಣದ ಕೆಳಗಿನ ಅಂಕಣದಲ್ಲಿ ಇತ್ತು.

ಅವರ ಮುಖದಲ್ಲಿ ಒಂದು ಕ್ಷಣ ಏನೋ ಹಾದುಹೋಯಿತು. ಭಯವೋ ನಾಚಿಕೆಯೋ ಎಂದು ನಾನು ಕಾದೆ. ಅವರು ಸೀಳಿದ ಕವರನ್ನು ಅಂಚೆಯ ಮುದ್ರೆ ಒಳಗೆ ಬರುವ ಹಾಗೆ ಅಚ್ಚುಕಟ್ಟಾಗಿ ಮಡಿಚಿ ಜೇಬಿಗಿಟ್ಟುಕೊಂಡರು.

"ನೋಡಮ್ಮ, ಸರ್ಕಾರದವರು ಹೀಗೇ. ಗಡುವು ಮುಗಿದ ಮೇಲೆ ಕಳಿಸ್ತಾರೆ" ಎಂದರು. ಆಮೇಲೆ ನನ್ನ ಕಡೆ ನೋಡಿದರು.

ನಾನು ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ.

ಸಬಾ ಅಳಲಿಲ್ಲ. "ಅಂದ್ರೆ ನಾನೊಬ್ಳೇ ಹೊರಗಿನವಳಾ ಸಾರ್?" ಎಂದು ಕೇಳಿದಳು. ಶಿರಸ್ತೇದಾರರು, "ನಾನಿದ್ದೀನಲ್ಲ. ಮೇಲ್ಮನವಿ ಹಾಕೋಣ. ಮಂಗಳವಾರ, ಶುಕ್ರವಾರ ಇಬ್ಬರೂ ತಪ್ಪದೆ ಬನ್ನಿ" ಎಂದರು. ಹಾಗೆ ಹೇಳುವಾಗ ಅವರ ಮುಖ ಅರಳಿತು. ಒಣಗಿದ್ದ ಗಿಡಕ್ಕೆ ನೀರು ಬಿದ್ದಂತೆ, ನನ್ನ ಕಣ್ಣೆದುರಿಗೇ. ಬೆರಳನ್ನು ಬಾಯಿಗಿಟ್ಟು ಹೊಸ ಹಾಳೆ ತಿರುಗಿಸಿದರು.

ಮನೆಗೆ ಬಂದು ಸೋಪು ಹಾಕಿ ಕೈ ತೊಳೆದುಕೊಂಡೆ. ಮತ್ತೆ ಅಲ್ಲಿಗೆ ಹೋಗಲಿಲ್ಲ. ಮಂಡಿನೋವು ಎಂದು ಹೇಳಿ ಕಳಿಸಿದೆ, ಅದೂ ಸುಳ್ಳು. ಮೇಲ್ಮನವಿ ಆಗಲಿಲ್ಲ. ಚಿಕ್ಕವಳ ಕಾಗದ ಸರಿಯಿದ್ದುದರಿಂದ ಅವಳಿಗೆ ಪೌರತ್ವ ಬಂತು. ಒಂದೇ ಚಾಪೆಯ ಮೇಲೆ ಮಲಗುವ ಮೂವರಲ್ಲಿ ತಾಯಿ ಈ ದೇಶದವಳು, ತಂಗಿ ಈ ದೇಶದವಳು, ನಡುವೆ ಮಲಗುವ ಸಬಾ ಮಾತ್ರ ವರ್ಷ ವರ್ಷ ಪರವಾನಗಿಯವಳು. ನರ್ಸಿಂಗ್ ಸೀಟು ಬೇರೆಯವರಿಗೆ ಹೋಯಿತು. ಅವಳು ಈಗ ಸೋದರಮಾವನ ಮನೆಯಲ್ಲೇ ಗೂಡು ಆರಿಸುತ್ತಾಳೆ.

ಶಿರಸ್ತೇದಾರರು ಹೋದದ್ದು ಪಾರ್ಶ್ವವಾಯುವಿನಿಂದ, ಎರಡೇ ದಿನ ಆಸ್ಪತ್ರೆಯಲ್ಲಿದ್ದು. ಊಟದ ದಿನ ನಾನು ಒಳಗೆ ಹೋಗುವಾಗ ಮುಮ್ತಾಜ್ ಗೇಟಿನ ಹತ್ತಿರ ನಿಂತಿದ್ದಳು. ಒಳಗೆ ಬರಲಿಲ್ಲ, ಯಾರೂ ಕರೆಯಲೂ ಇಲ್ಲ. "ದೊಡ್ ಮನುಷ್ಯರು ಅಕ್ಕ. ಒಂದ್ ರೂಪಾಯಿ ಮುಟ್ಲಿಲ್ಲ" ಎಂದು ಅವಳೂ ಅಂದಳು. ಒಬ್ಬಟ್ಟು ನನ್ನ ಬಾಯಿಗೆ ಹೋಗದಿದ್ದುದಕ್ಕೆ ಆ ಬೆರಳು ಅರ್ಧ ಕಾರಣ. ಈ ಮಾತು ಇನ್ನರ್ಧ.

ಪುಸ್ತಿಕೆಯ ಒಂದು ಪುಟ ಬರೆಯಲಾರದ ಮೂರನೆಯ ದಿನ, ಸಬಾಳ ಹೆಸರಿನಲ್ಲಿ ಹೊಸ ಅರ್ಜಿಯ ಶುದ್ಧಪ್ರತಿ ಮಾಡಿಕೊಂಡು ಮುಮ್ತಾಜಳ ಮನೆಗೆ ಹೋದೆ. ಇಷ್ಟು ವರ್ಷಗಳಲ್ಲಿ ಅದೇ ಮೊದಲ ಸಲ ನಾನು ಅವರ ಮನೆ ನೋಡಿದ್ದು. ಹೊಗೆ, ಬಿಸಿನೀರು, ಹುಳದ ವಾಸನೆ. ಹಿಬಾ ಸ್ಟೀಲ್ ಲೋಟದಲ್ಲಿ ಚಹಾ ತಂದುಕೊಟ್ಟಳು, ಕೆಳಗೊಂದು ತಟ್ಟೆ ಇಟ್ಟು. ಸಬಾ ಮೊರದಲ್ಲಿ ಗೂಡು ಆರಿಸುತ್ತಿದ್ದಳು, ಕೊಳೆತದ್ದು ಒಂದು ಕಡೆ, ಒಳ್ಳೆಯದು ಒಂದು ಕಡೆ. ಚಹಾ ಆರುವ ಮೊದಲೇ ಹೇಳಿಬಿಟ್ಟೆ. ಕವರು ಬಂದ ದಿನ, ಬೀರು, ಮಡಿಚಿದ ಅಂಚೆ ಮುದ್ರೆ, ಸೊಪ್ಪಿನ ಗಾಡಿ, ಎಲ್ಲ.

ಬಿಸಿನೀರಿನಲ್ಲಿದ್ದ ಮುಮ್ತಾಜಳ ಕೈ ನಿಂತಿತ್ತು, ಎಳೆ ಕಡಿದು ರಾಟೆ ಸುಮ್ಮನೆ ತಿರುಗಿತು.

"ಅವ್ರ್ ಹೋದ ದಿನ ಅವ್ರಿಗೋಸ್ಕರ ದುವಾ ಮಾಡ್ಬುಟ್ಟೆ ಅಕ್ಕ" ಎಂದಳು. "ಈಗ ಅದ್ನ ವಾಪಸ್ ಹೆಂಗ್ ತಗಳ್ಳಿ?"

ಸಬಾ ತಲೆ ಎತ್ತಿದಳು. "ಆ ಕವರ್ ನೀವು ನೋಡಿದ್ರಾ ಆಂಟಿ?"

"ನೋಡಿದ್ದೆ."

"ಯಾವಾಗ?"

"ಬಂದ ದಿನವೇ."

ಅವಳು ಮೊರ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ನಾನು ತಂದಿದ್ದ ಅರ್ಜಿ ತೆಗೆದುಕೊಂಡಳು. ಒಂದೊಂದೇ ಪುಟ, ಒಣ ಬೆರಳಿನಿಂದ, ಮೂಲೆ ಹಿಡಿದು ತಿರುಗಿಸಿದಳು. ಪತ್ರ ಬರಬೇಕಾದ ವಿಳಾಸದ ಸಾಲಿಗೆ ಬಂದು ನಿಂತಳು. ಅಲ್ಲಿ ನಾನು ನನ್ನ ಅತ್ಯಂತ ಒಳ್ಳೆಯ ಅಕ್ಷರದಲ್ಲಿ ಕೇರಾಫ್ ಎಂದು ಬರೆದು ನನ್ನ ಹೆಸರು, ನನ್ನ ಮನೆ ನಂಬರು, ನನ್ನ ಮೊಬೈಲು ತುಂಬಿದ್ದೆ. ನಾನು ಕಣ್ಣಿಟ್ಟು ಕಾಯುತ್ತೇನೆ, ಬಂದ ಗಳಿಗೆಯಲ್ಲಿ ಓಡಿ ಬಂದು ಕೊಡುತ್ತೇನೆ ಎಂದುಕೊಂಡು. ತಪ್ಪಿಗೆ ಇದಕ್ಕಿಂತ ಒಳ್ಳೆಯ ಪರಿಹಾರ ನನಗೆ ಹೊಳೆದಿರಲಿಲ್ಲ.

ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ನಾನು ಬರೆದದ್ದರ ಮೇಲೆ ಒಂದು ಗೆರೆ ಎಳೆದು, ಕೆಳಗೆ ತನ್ನ ಸೊಟ್ಟ ಅಕ್ಷರದಲ್ಲಿ ಸೋದರಮಾವನ ಆ ಮನೆಯ ವಿಳಾಸವನ್ನು ನಿಧಾನವಾಗಿ ಬರೆದಳು. ಬಾಲಗಳೆಲ್ಲ ಗೆರೆ ದಾಟಿದವು.

"ನಮ್ ಗಲ್ಲಿಗೂ ಪೋಸ್ಟ್‌ಮ್ಯಾನ್ ಬರ್ತಾರೆ ಆಂಟಿ" ಎಂದು ಹೇಳಿ ಪೆನ್ನು ವಾಪಸ್ ಕೊಟ್ಟಳು.